ಕಾಮಣ್ಣ ರಾಕ್ಷಸನಲ್ಲ

ದೊಡ್ಡಬಳ್ಳಾಪುರದ ಮಗ್ಗುಲಿನ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಹಲವು ಸೀಮೆಯ ಜನ ಒಟ್ಟಿಗೆ ದುಡಿಯುತ್ತಾರೆ. ಫಾಲ್ಗುಣದ ಹುಣ್ಣಿಮೆಗೆ ಉತ್ತರದವರು ಹಚ್ಚುವ ಬೆಂಕಿ ಪ್ರಹ್ಲಾದನ ಸೋದರತ್ತೆ ಹೋಳಿಕಾಳದು, ಕನ್ನಡಿಗರದು ಕಾಮಣ್ಣನದು. ಕಥೆಗಳೇ ಬೇರೆ. ಆದರೆ ಹಬ್ಬದ ವಾಟ್ಸ್ಆ್ಯಪ್ ಸಂದೇಶಗಳು ಎರಡನ್ನೂ ಕಲಸಿ, ಕಾಮನೆಂಬ ದುಷ್ಟ ರಾಕ್ಷಸನನ್ನು ಶಿವ ಸಂಹರಿಸಿದನೆಂದು ಸಾರುತ್ತವೆ. ಓದು ಬರಹ ಬಲ್ಲವರೇ ಅದನ್ನು ಕಣ್ಣುಮುಚ್ಚಿ ಮುಂದಕ್ಕೆ ದಾಟಿಸುತ್ತಾರೆ.

ಕಥೆಯಲ್ಲಿ ರಾಕ್ಷಸನೊಬ್ಬ ಇರುವುದು ನಿಜ. ಅವನು ತಾರಕಾಸುರ. ಶಿವನ ಮಗನಿಂದಲ್ಲದೆ ಅವನಿಗೆ ಸಾವಿಲ್ಲ. ಶಿವನೋ, ಸತಿಯನ್ನು ಕಳೆದುಕೊಂಡು ತಪಸ್ಸಿಗೆ ಕೂತಿದ್ದಾನೆ. ಆ ತಪಸ್ಸು ಕದಲಿಸಲು ಇಂದ್ರ ಕಳಿಸಿದ್ದು ಕಾಮನನ್ನು. ಕಬ್ಬಿನ ಬಿಲ್ಲು, ದುಂಬಿಗಳ ಹೆದೆ, ಹೂವಿನ ಬಾಣ ಹಿಡಿದು ಹೋದವನು ಹಣೆಗಣ್ಣಿನ ಉರಿಗೆ ಬೂದಿಯಾದ. ದೇವತೆಗಳ ಕೆಲಸಕ್ಕೆ ಹೋಗಿ ಸುಟ್ಟುಹೋದವನನ್ನು ದುಷ್ಟನೆನ್ನಲು ಯಾವ ಆಧಾರವಿದೆ? ಮುಂದೆ ಶಿವ ಪಾರ್ವತಿಯರ ಮದುವೆಯಾಗಿ, ಷಣ್ಮುಖ ಹುಟ್ಟಿ, ತಾರಕನನ್ನು ಕೊಂದ. ಇದೇ ತಾಲ್ಲೂಕಿನ ಘಾಟಿಯಲ್ಲಿ ಜನ ಹರಕೆ ಹೊರುವ ಸುಬ್ರಹ್ಮಣ್ಯ ಅವನೇ. ಘಾಟಿಗೆ ಕೈಮುಗಿದು ಬಂದವರೇ ಕಾಮನನ್ನು ರಾಕ್ಷಸನೆಂದರೆ ಸಹಿಸುವುದು ಕಷ್ಟ.

ಕಾಮ ಅಲ್ಲಿಗೇ ಮುಗಿದನೆಂಬುದೂ ಸುಳ್ಳು. ಮೈಯಿಲ್ಲದ ಅನಂಗನಾಗಿ ಉಳಿದ, ಕೃಷ್ಣ ರುಕ್ಮಿಣಿಯರ ಮಗ ಪ್ರದ್ಯುಮ್ನನಾಗಿ ಮತ್ತೆ ಹುಟ್ಟಿದ.

ಅವನು ಕ್ಯುಪಿಡ್‌ನಂಥ ರೆಕ್ಕೆಯ ಮಗುವೂ ಅಲ್ಲ. ಗಿಳಿಯೇರಿ ಬರುವ ತರುಣ. ಹರೆಯವನ್ನೂ ಒಲವನ್ನೂ ಒಬ್ಬನಲ್ಲೇ ಕಂಡವರು ದೂರದ ಐರ್ಲೆಂಡಿನಲ್ಲೂ ಇದ್ದರು. ಅವರ ದೇವರು ಏಂಗಸ್ ಕನಸಿನಲ್ಲಿ ಕಂಡ ಹುಡುಗಿಗಾಗಿ ತಾನೇ ಹಂಸವಾಗುತ್ತಾನೆ.

ಕಾಮನನ್ನು ಪೂಜಿಸುವವರಿಲ್ಲ ಎನ್ನುವವರು ಧಾರವಾಡ ಜಿಲ್ಲೆಯ ನವಲಗುಂದಕ್ಕೆ ಹೋಗಲಿ. ಅಲ್ಲಿ ಹೋಳಿಯ ಹೊತ್ತಿಗೆ ರಾಮಲಿಂಗ ಕಾಮಣ್ಣನಿಗೆ ಮದುವೆ, ಮಕ್ಕಳಿಗಾಗಿ ಹರಕೆ ಸಲ್ಲುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಪೂರ್ವದ್ವಾರದ ಇಕ್ಕೆಲದಲ್ಲಿ ರತಿ ಮನ್ಮಥರಿದ್ದಾರೆ. ಜೈನರಿಗಂತೂ ಇಪ್ಪತ್ತನಾಲ್ಕು ಕಾಮದೇವರಲ್ಲಿ ಮೊದಲಿಗ ಬಾಹುಬಲಿ. ಶ್ರವಣಬೆಳಗೊಳದಲ್ಲಿ ಎಲ್ಲ ತೊರೆದು ನಿಂತವನೂ ಅವನೇ. ಹದಿಮೂರನೆಯ ಶತಮಾನದ ಆಂಡಯ್ಯ ಇನ್ನೂ ಮುಂದೆ ಹೋದ: ‘ಕಬ್ಬಿಗರ ಕಾವ’ದಲ್ಲಿ ಶಿವನ ಮೇಲೆ ಯುದ್ಧ ಹೂಡಿ ಗೆಲ್ಲುವವನು ಕಾಮ. ಆ ಕನ್ನಡ ಕಾವ್ಯ ಇಂದಿಗೂ ಓದಲು ಸಿಗುತ್ತದೆ.