ಥಾಂಬ್, ಥಾಂಬಾ: ಘಣಸೋಲಿಗೆ ಬೇಕಾದ ಮರಾಠಿ

(ದೃಶ್ಯ: ಸ್ಟೇಷನ್ ಹೊರಗೆ ರಿಕ್ಷಾ ಸಾಲು)
ನವಿ ಮುಂಬೈಯಲ್ಲಿ ರಬಾಳೆ, ಕೋಪರ್‌ಖೈರಣೆ ನಡುವಿನ ಘಣಸೋಲಿಯಲ್ಲಿ ಇಳಿದು ರಿಕ್ಷಾ ಹತ್ತಿದ್ದೀರಿ. ಮನೆ ಬಂತು. ಏನಂತೀರಿ? "ದಾದಾ, ಇಥೇ ಥಾಂಬಾ." ಇಲ್ಲೇ ನಿಲ್ಲಿ.

(ತೆರೆಯ ಮೇಲೆ: ನಿಯಮ 1)
ಏನಾದರೂ ಮಾಡು ಅಂತ ಹೇಳೋಕೆ ಮರಾಠಿ ಕ್ರಿಯಾಪದದ ಕೊನೆಯ 'ಣೇ' ತೆಗೀರಿ. ಥಾಂಬಣೇ, ಥಾಂಬ್. ಬಸಣೇ (ಕೂರೋದು), ಬಸ್. ಬೋಲಣೇ (ಮಾತಾಡೋದು), ಬೋಲ್. ಇದು ನಾವು 'ತೂ' (ನೀನು) ಅನ್ನೋರಿಗೆ: ಗೆಳೆಯರಿಗೆ, ಮಕ್ಕಳಿಗೆ, ಮರಾಠಿ ಮನೆಗಳಲ್ಲಿ ಅಮ್ಮನಿಗೂ.

(ತೆರೆಯ ಮೇಲೆ: ನಿಯಮ 2)
ಎದುರಿಗಿರೋದು ಹಿರಿಯರು, ಅಪರಿಚಿತರು, ಅಥವಾ ಒಬ್ಬರಿಗಿಂತ ಹೆಚ್ಚು ಜನವೇ? ಕೊನೆಗೆ 'ಆ' ಸೇರಿಸಿ. ಥಾಂಬಾ, ಬಸಾ, ಬೋಲಾ. ನಮ್ಮ 'ನಿಲ್ಲು' 'ನಿಲ್ಲಿ' ಆದ ಹಾಗೆ. ಲೋಕಲ್ ರೈಲಿನ ಬಾಗಿಲಲ್ಲಿ ಜನ ಜಾಸ್ತಿಯಾದರೆ "ಪುಢೇ ಸರಕಾ", ಮುಂದೆ ಸರೀರಿ.

(ತೆರೆಯ ಮೇಲೆ: ನಿಯಮ 3)
'ಏ'ಯಲ್ಲಿ ಮುಗಿಯೋ ಧಾತುಗಳು ಸ್ವಲ್ಪ ಬದಲಾಗ್ತವೆ. ದೇ (ಕೊಡು), ದ್ಯಾ. ಘೇ (ತಗೋ), ಘ್ಯಾ. ಯೇ (ಬಾ), ಯಾ. ತರಕಾರಿ ಗಾಡಿ ಹತ್ತಿರ: "ಮಾವಶಿ, ಪಾವ್ ಕಿಲೋ ಭೇಂಡಿ ದ್ಯಾ." ಕಾಲು ಕಿಲೋ ಬೆಂಡೆಕಾಯಿ ಬ್ಯಾಗಿಗೆ ಬಂತು. ಜಾ (ಹೋಗು), ಖಾ (ತಿನ್ನು) ಮಾತ್ರ ಎಲ್ಲರಿಗೂ ಹಾಗೇ.

ದೂರದ ಸ್ಪ್ಯಾನಿಷ್‌ನಲ್ಲೂ ಸಲುಗೆ, ಗೌರವ ಬೇರೆ ಬೇರೆ. 'ಮಾತಾಡು'ಗೆ ಆಬ್ಲಾ, 'ಮಾತಾಡಿ'ಗೆ ಆಬ್ಲೆ. 'ತಿನ್ನು'ಗೆ ಕೋಮೆ, 'ತಿನ್ನಿ'ಗೆ ಕೋಮಾ. ಅಲ್ಲಿ ಕೊನೆಯ 'ಆ', 'ಎ' ಅದಲುಬದಲಾಗ್ತವೆ, ಅಷ್ಟೇ.

ಈಗ ನಿಮ್ಮ ಸರದಿ. ಉತರಣೇ ಅಂದರೆ ಇಳಿಯೋದು. ಬಸ್ಸಲ್ಲಿ ಮುಂದೆ ನಿಂತ ಅಜ್ಜನಿಗೆ ಏನಂತೀರಿ? ಕಾಮೆಂಟಲ್ಲಿ ಬರೀರಿ.