ಉದ್ದದ ರಾತ್ರಿ, ಮಕ್ಕಳ ಓದು

ಡಿಸೆಂಬರ್ 21 ಅಥವಾ 22 ನಮ್ಮಲ್ಲಿ ವರ್ಷದ ಅತಿ ಸಣ್ಣ ಹಗಲು. ಜಾಲ್ಸೂರಿನಲ್ಲಿ ಅಂದು ಸೂರ್ಯೋದಯ ಸುಮಾರು 6.45ಕ್ಕೆ, ಸೂರ್ಯಾಸ್ತ 6.10ರ ಸುಮಾರಿಗೆ. ಜೂನ್ ತಿಂಗಳ ದೀರ್ಘ ಹಗಲಿಗಿಂತ ಇದು ಒಂದೂವರೆ ಗಂಟೆಯಷ್ಟು ಕಡಿಮೆ. ಪಯಸ್ವಿನಿಯ ಕಡೆಗೆ ಇಳಿಯುವ ತೋಟಗಳಲ್ಲಿ ಗುಡ್ಡದ ನೆರಳು ಬೇಗ ಬೀಳುವುದರಿಂದ ಕೆಲಸ ಇನ್ನೂ ಮೊದಲೇ ನಿಲ್ಲುತ್ತದೆ. ರಾತ್ರಿಯೂಟದವರೆಗೆ ಎರಡು ಗಂಟೆಯಾದರೂ ಮಿಗುತ್ತದೆ. ಈ ಹೊತ್ತನ್ನು ಸಣ್ಣ ಮಕ್ಕಳ ಓದಿಗೆ ಹೇಗೆ ಬಳಸಬಹುದೆಂದು ಸದಸ್ಯ ಬಂಧುಗಳ ಗಮನಕ್ಕೆ ತರುವುದೇ ಈ ಬರಹದ ಉದ್ದೇಶ.

ಕಳೆದ ವರ್ಷ ನೆರೆಮನೆಯ ಮೂರನೇ ತರಗತಿಯ ಹುಡುಗನೊಬ್ಬ ನನ್ನೆದುರು ಪಾಠವನ್ನು ಸರಾಗವಾಗಿ ಓದಿದ. ಸಂತೋಷವಾಯಿತು. ಅದೇ ಪಾಠದ ನಡುವಿನ ಒಂದು ಪದಕ್ಕೆ ಬೆರಳಿಟ್ಟು ಕೇಳಿದೆ. ಹುಡುಗ ತಲೆ ತಗ್ಗಿಸಿದ. ಅವನು ಓದಿದ್ದಲ್ಲ, ಬಾಯಿಪಾಠ ಒಪ್ಪಿಸಿದ್ದು. ಅಧ್ಯಾಪಕರನ್ನು ದೂರಿ ಫಲವಿಲ್ಲ. ದಿನಕ್ಕೆ ಹತ್ತು ನಿಮಿಷ ಅವನ ಪಕ್ಕದಲ್ಲಿ ಕೂತವರು ನಮ್ಮಲ್ಲಿ ಯಾರೂ ಇರಲಿಲ್ಲ. ನಾಳೆ ಇದೇ ಹುಡುಗ ಔಷಧದ ಡಬ್ಬಿಯ ಮೇಲಿನ ಎಚ್ಚರಿಕೆಯನ್ನು, ಅಡಿಕೆಯ ತೂಕದ ಚೀಟಿಯನ್ನು, ಸಾಲದ ಪತ್ರವನ್ನು ತಾನೇ ಓದಬೇಕಾದವನು. ಓದಲು ಬಾರದೆ ಹೆಬ್ಬೆಟ್ಟು ಒತ್ತಿ ನಷ್ಟಪಟ್ಟ ಹಿರಿಯರ ಕಥೆಗಳು ನಮ್ಮೂರಿಗೆ ಹೊಸತಲ್ಲ.

ಚಳಿಗಾಲದಲ್ಲಿ ಊರವರು ಒಟ್ಟು ಸೇರುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಧನುರ್ಮಾಸದ ಪೂಜೆಗೆ ನಸುಕಿನಲ್ಲೇ ಮಕ್ಕಳು ಎದ್ದು ದೇವಸ್ಥಾನಕ್ಕೆ ಹೋಗುತ್ತಾರೆ. ಇರಾನ್ ದೇಶದಲ್ಲಿ ವರ್ಷದ ಅತಿ ಉದ್ದದ ರಾತ್ರಿಗೆ ಯಲ್ದಾ ಎಂದು ಹೆಸರು. ಅಂದು ಮನೆಮಂದಿಯೆಲ್ಲ ಹಿರಿಯರ ಮನೆಯಲ್ಲಿ ಸೇರಿ, ದಾಳಿಂಬೆ ಹಂಚಿಕೊಂಡು, ಹಾಫೀಜ್ ಕವಿಯ ಪದ್ಯಗಳನ್ನು ಓದುತ್ತಾರೆ. ನಾವೂ ಅಂದು ನಾಲ್ಕಾರು ಮನೆಯವರು ಒಂದು ಅಂಗಳದಲ್ಲಿ ಸೇರಬಹುದು. ಒಣಹಾಕಿದ ಅಡಿಕೆಯನ್ನು ಒಂದು ಬದಿಗೆ ಸರಿಸಿದರೆ ಜಾಗ ಸಾಕು.

ಸೇರುವ ದಿನ ಮಕ್ಕಳಿಗೆ ಒಂದು ಪ್ರಯೋಗ ತೋರಿಸಿ. ಒಂದು ಮೀಟರ್ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಅದರ ನೆರಳು ಸುಮಾರು 73 ಸೆಂಟಿಮೀಟರ್ ಇರುತ್ತದೆ. ವರ್ಷದಲ್ಲಿ ಮಧ್ಯಾಹ್ನದ ನೆರಳು ಅತಿ ಉದ್ದವಿರುವ ದಿನವೇ ಅದು. ಮರುದಿನದಿಂದ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ. ಹಾಗಾದರೆ ಮಕರ ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ ಏಕೆ ಎಂದು ಮಕ್ಕಳು ಕೇಳಿಯಾರು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ಎರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಇದ್ದವು.

ಇನ್ನು ಓದಿನ ವಿಷಯ. ಕನ್ನಡದಲ್ಲಿ ಗುಣಿತಾಕ್ಷರಗಳೇ ನಾನ್ನೂರಕ್ಕೂ ಮಿಕ್ಕಿ ಇವೆ, ಒತ್ತಕ್ಷರಗಳು ಬೇರೆ. ಎಲ್ಲವನ್ನೂ ಕ್ರಮವಾಗಿ ಬಾಯಿಪಾಠ ಮಾಡಿಸಿ ಆಮೇಲೆ ಪದ ಕಲಿಸಹೊರಟರೆ ಮಗು ಬೇಸತ್ತುಹೋಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಮೊದಲು ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳನ್ನು ಕಲಿಸುತ್ತಾರೆ. ಇಷ್ಟರಿಂದಲೇ ಸರ, ರಸ, ಅರಸ, ಅಗಸ, ಗದಗ ಎಂದು ಓದಬಹುದು. ಮೊದಲ ವಾರದಲ್ಲೇ ತಾನು ಓದಿದೆನೆಂಬ ಧೈರ್ಯ ಮಗುವಿಗೆ ಬರುತ್ತದೆ.

ನಮ್ಮ ಅನೇಕ ಮಕ್ಕಳ ಮನೆಮಾತು ತುಳು, ಅರೆಭಾಷೆ, ಬ್ಯಾರಿ ಅಥವಾ ಮಲಯಾಳ. ಮಗುವಿಗೆ ಗೊತ್ತಿಲ್ಲದ ಪದವನ್ನು ಓದಿಸಿದರೆ ಅದು ಬರಿಯ ಶಬ್ದವಾಗುತ್ತದೆ. ಆದುದರಿಂದ ಕಂಗ್, ಬಜ್ಜೈ ಮುಂತಾದ ಮನೆಯ ಪದಗಳನ್ನೂ ಕನ್ನಡ ಅಕ್ಷರದಲ್ಲಿ ಬರೆದು ತೋರಿಸಿ, ಪಕ್ಕದಲ್ಲಿ ಅಡಿಕೆ ಮರ, ಅಡಿಕೆ ಎಂದು ಬರೆಯಿರಿ. ಗೋಣಿಯ ಮೇಲಿನ ಹೆಸರು, ಪಟೋರ, ಉಳ್ಳಿ, ಕರಿಗೋಟು ಎಂಬ ಬರಹ, ಬಸ್ಸಿನ ಬೋರ್ಡು, ಎಲ್ಲವೂ ಪಾಠವೇ.

ಕೆಲವು ಸೂಚನೆಗಳು: ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ತಪ್ಪಿಸಬಾರದು. ದೊಡ್ಡವರು ಬೆರಳಿಟ್ಟು ಗಟ್ಟಿಯಾಗಿ ಕಥೆ ಓದಲಿ, ಮಗು ನೋಡುತ್ತಾ ಕೇಳಲಿ. ಬಾಯಿಪಾಠವೇ, ಓದೇ ಎಂದು ತಿಳಿಯಲು ಪದಗಳನ್ನು ಹಿಂದುಮುಂದಾಗಿ ಕೇಳಿ. ತಪ್ಪಿದರೆ ಇತರರೆದುರು ನಗಬೇಡಿ. ಕೊಯ್ಲಿಗೆ ಬಂದ ಕೆಲಸದವರ ಮಕ್ಕಳನ್ನೂ ಅದೇ ಚಾಪೆಯಲ್ಲಿ ಕೂರಿಸಿ. ಓದು ಬಾರದ ಹಿರಿಯರು ಕಥೆ ಹೇಳಲಿ, ಅದನ್ನು ಬರೆದು ಮಗುವಿಗೆ ಓದಲು ಕೊಡಬಹುದು.

ಅಡಿಕೆ ಸಸಿ ನೆಟ್ಟವರು ಫಲಕ್ಕಾಗಿ ಐದಾರು ವರ್ಷ ಕಾಯುತ್ತೇವೆ. ಓದಿನ ಫಲಕ್ಕೆ ಅಷ್ಟು ಕಾಯಬೇಕಾಗಿಲ್ಲ. ನನ್ನ ನೆರೆಯ ಹುಡುಗ ಈಗ ತಂಗಿಗೆ ಕಥೆ ಓದಿ ಹೇಳುತ್ತಾನೆ. ಸಣ್ಣ ಹಗಲಿನ ಆ ಸಂಜೆ ನಿಮ್ಮ ಅಂಗಳದಲ್ಲೂ ಒಂದು ದೀಪ, ಒಂದು ಚಾಪೆ, ಒಂದು ಪುಸ್ತಕ ಇರಲಿ.