ನಾರುಹುಣ್ಣು ನೀಗಿತು, ನೀರಿನ ಚಿಂತೆ ನೀಗಲಿಲ್ಲ

ಹಳ್ಳಿಯ ಬಾವಿಯ ವಿಚಾರ ಮುಂಬಯಿ, ಪುಣೆಗಳಲ್ಲಿ ದುಡಿಯುವವರಿಗೇಕೆ ಎಂದು ಕೆಲವರು ಕೇಳಬಹುದು. ತಿಂಗಳು ತಿಂಗಳೂ ನಾವು ಊರಿಗೆ ಕಳುಹಿಸುವ ಹಣದಲ್ಲಿ ಒಂದು ಪಾಲು ವೈದ್ಯರ ಕೈ ಸೇರುವುದುಂಟು. ಆ ವ್ಯಾಧಿಯ ಮೂಲ ಅನೇಕ ವೇಳೆ ಕುಡಿಯುವ ನೀರಿನಲ್ಲಿಯೇ ಇರುತ್ತದೆ. ಆದುದರಿಂದ ಇದು ನಮ್ಮ ವಿಚಾರವೂ ಹೌದು.

ಉತ್ತರ ಕರ್ನಾಟಕದ ಒಣನಾಡಿನ ಹಿರಿಯರಿಗೆ ನಾರುಹುಣ್ಣನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಬಾವಿಯ ನೀರಿನಲ್ಲಿ ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಜೀವಿಯಿರುತ್ತದೆ. ರೋಗದ ಮರಿಹುಳು ಅದರ ಒಡಲಲ್ಲಿ ಬೆಳೆಯುತ್ತದೆ. ಅಂಥ ನೀರನ್ನು ಸೋಸದೆ ಕುಡಿದವನ ದೇಹದಲ್ಲಿ ಆ ಹುಳು ಸದ್ದಿಲ್ಲದೆ ಬೆಳೆದು, ಸುಮಾರು ಒಂದು ವರ್ಷದ ಬಳಿಕ ಎರಡು ಮೂರು ಅಡಿ ಉದ್ದದ ನಾರಿನಂತೆ, ಹೆಚ್ಚಾಗಿ ಕಾಲಿನಲ್ಲಿ, ಬೊಕ್ಕೆಯೆದ್ದು ಹೊರಬರುತ್ತದೆ. ಉರಿ ತಾಳಲಾರದೆ ರೋಗಿಯು ಮೆಟ್ಟಿಲು ಬಾವಿಗಿಳಿದು ಕಾಲನ್ನು ನೀರಿನಲ್ಲಿಟ್ಟೊಡನೆ ಹುಳು ಸಾವಿರಾರು ಮರಿಗಳನ್ನು ಬಿಡುತ್ತದೆ. ಊರಿಗೆಲ್ಲ ರೋಗ ಹರಡುತ್ತಿದ್ದುದು ಹೀಗೆ.

ಇದಕ್ಕೆ ಔಷಧಿಯಿಲ್ಲ, ಲಸಿಕೆಯಿಲ್ಲ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆದು ತೆಗೆಯಬೇಕು. ಅವಸರಪಟ್ಟು ಹರಿದರೆ ಬಾವು, ಕೀವು. ಒಮ್ಮೆ ಬಂದವನಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಹೊಲದ ಕೆಲಸದ ಹೊತ್ತಿನಲ್ಲಿ ದುಡಿಯುವವನೇ ವಾರಗಟ್ಟಲೆ ಹಾಸಿಗೆ ಹಿಡಿದರೆ ಆ ಮನೆಯ ಗತಿಯೇನು?

ಇಂಥ ರೋಗವನ್ನು ನಮ್ಮ ದೇಶ ಔಷಧಿಯಿಲ್ಲದೆಯೇ ಗೆದ್ದಿತೆಂಬುದು ಅಭಿಮಾನದ ಸಂಗತಿ. 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ಕರ್ನಾಟಕವೂ ಪೀಡಿತ ರಾಜ್ಯಗಳಲ್ಲೊಂದಾಗಿತ್ತು. ಕಾರ್ಯಕರ್ತರು ಹಳ್ಳಿಹಳ್ಳಿ ತಿರುಗಿ ರೋಗಿಗಳನ್ನು ಹುಡುಕಿದರು; ನೀರಿಗಿಳಿಯದಂತೆ ತಿಳಿಹೇಳಿದರು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಲಾಯಿತು. ಕೊಳವೆ ಬಾವಿಗಳಿಗೆ ಕೈಪಂಪುಗಳು ಬಂದವು. ಸೈಕ್ಲಾಪ್ಸನ್ನು ಕೊಲ್ಲುವ ಮದ್ದನ್ನು ನೀರಿಗೆ ಬೆರೆಸಲಾಯಿತು. ಮನೆಮನೆಯಲ್ಲಿ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಿದ ತಾಯಂದಿರ ಪಾಲು ಇದರಲ್ಲಿ ಕಡಿಮೆಯದಲ್ಲ. ಭಾರತದ ಕಟ್ಟಕಡೆಯ ರೋಗಿ 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರನ್ನು ಪೀಡಿಸುತ್ತಿದ್ದ ಈ ರೋಗ 2024ರಲ್ಲಿ ಕೇವಲ 15 ಮಂದಿಯಲ್ಲಿ ಕಂಡುಬಂದಿತು. ಆದರೆ ಆಫ್ರಿಕದ ಚಾಡ್ ಮುಂತಾದೆಡೆ ನಾಯಿಗಳಿಗೂ ತಗಲಿರುವುದರಿಂದ ಹೋರಾಟ ಮುಗಿದಿಲ್ಲ.

ನಾರುಹುಣ್ಣು ಹೋಯಿತೆಂದು ನಾವು ಮೈಮರೆಯುವಂತಿಲ್ಲ. ಆಮಶಂಕೆಯಂಥ ರೋಗಗಳು ಹೊಲಸು ಬೆರೆತ ನೀರಿನಿಂದ ಇಂದಿಗೂ ಹರಡುತ್ತಿವೆ. ಆಮಶಂಕೆಯ ಅಮೀಬಾ ಕೋಶಗಳು ಸಾಮಾನ್ಯ ಪ್ರಮಾಣದ ಕ್ಲೋರಿನ್‌ಗೆ ಸಾಯುವುದಿಲ್ಲ, ಬಟ್ಟೆಯಲ್ಲಿ ಸೋಸಿದರೆ ಉಳಿಯುವುದೂ ಇಲ್ಲ. ನೀರನ್ನು ಕುದಿಸಿದರೆ ನಾಶವಾಗುತ್ತವೆ. ಮನೆಗೆ ನಲ್ಲಿ ಬಂದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ತಿಳಿಯಲಾಗದು; ಕೊಳವೆ ಒಡೆದು ಚರಂಡಿಯ ನೀರು ಸೇರಿದರೆ ನಲ್ಲಿಯೂ ರೋಗವನ್ನೇ ತರುವುದು.

ಜಾತ್ರೆಗೋ ಮದುವೆಗೋ ಊರಿಗೆ ಹೋಗುವ ನಮ್ಮ ಬಂಧುಗಳು ಒಂದು ಗಳಿಗೆ ಬಾವಿಕಟ್ಟೆಯ ಬಳಿಯೂ ನಿಲ್ಲಲಿ. ಕಟ್ಟೆ ಬಿರಿದಿದೆಯೇ, ಬಚ್ಚಲ ನೀರು ಒಳಗೆ ಇಳಿಯುತ್ತಿದೆಯೇ ಎಂದು ನೋಡಿ, ಪಂಚಾಯತಿಯವರನ್ನು ಕೇಳಲಿ. ಗುಡಿಯ ಜೀರ್ಣೋದ್ಧಾರಕ್ಕೆ ಕೂಡಿ ಹಣವೆತ್ತುವ ನಾವು ಬಾವಿಯ ದುರಸ್ತಿಗೂ ಕೂಡಬಲ್ಲೆವು.